ಲಸಿಕೆ ಲೆಕ್ಕ: ಡಾಕ್ಟರಿಗೆ ಕೇಳ್ರಿ (ಧಾರವಾಡ, ಗದಗ, ಹಾವೇರಿ ಗುಂಪು)

ಶಿರಹಟ್ಟಿ ಸಿಸ್ಟರ್: ಸರ್, ನಮ್ಮ ಸಬ್‌ಸೆಂಟರಿನ್ಯಾಗ ಪೆಂಟಾ-1 (ಐದು ರೋಗದ ಲಸಿಕೆ, ಮೊದಲನೇ ಡೋಸು) ಆದ ಮಕ್ಕಳು 40, ಪೆಂಟಾ-3 (ಮೂರನೇ ಡೋಸು) ಆದವು 46. ಡ್ರಾಪೌಟ್ (ಮೊದಲನೇದು ಹಾಕಿಸಿ ಮೂರನೇದು ತಪ್ಪಿಸಿದವರು) ಶೇಕಡಾ ಮೈನಸ್ 15 ಬಂತು. ಮೀಟಿಂಗಿನ್ಯಾಗ ಭೇಷ್ ಅಂದ್ರು. ಖರೇ ಏನ್ರಿ?

ಡಾಕ್ಟರ್: ಭೇಷ್ ಅನ್ನೂ ಲೆಕ್ಕ ಅಲ್ಲ ಇದು. ಹೆಚ್ಚಿಗೆ ಬಂದವು ತವರಿನ್ಯಾಗ ಬಾಣಂತನ ಮುಗಿಸಿ ಗಂಡನ ಮನಿಗೆ ಬಂದವರ ಕೂಸುಗಳು. 6, 10ನೇ ವಾರದ ಡೋಸು ತವರಿನ ರಜಿಸ್ಟರಿನ್ಯಾಗ, 14ನೇ ವಾರದ್ದು ನಿಮ್ಮಲ್ಲಿ. ನಿಮ್ಮ 40ರೊಳಗ 8 ಕೂಸು ಮೂರನೇದು ತಪ್ಪಿಸಿಕೊಂಡು, ಹೊರಗಿನ 14 ಬಂದ್ರೂ 46 ಆಗತೈತಿ. ಆ 8 ಯಾರ ಕಣ್ಣಿಗೂ ಬೀಳೂದಿಲ್ಲ. ಶೇಕಡಾ ಬಿಡ್ರಿ, ಹೆಸರು ಹಿಡೀರಿ. ತಾಯಿ ಕಾರ್ಡ್ ನಂಬರ್, ಪೆಂಟಾ-1 ತಾರೀಖು, ಪಕ್ಕದಾಗ ಪೆಂಟಾ-3 ತಾರೀಖು. ಖಾಲಿ ಉಳಿದ ಸಾಲು ಡ್ಯೂ ಲಿಸ್ಟಿಗೆ (ಬಾಕಿ ಪಟ್ಟಿಗೆ). ಬಂದವರಿಗೆ ಬ್ಯಾರೆ ಕಾಲಂ ಹಾಕ್ರಿ. ಹೋದವರನ್ನ ಅಳಿಸಬ್ಯಾಡ್ರಿ, ಹೋದ ಊರು, ಫೋನ್ ಬರೀರಿ. ಇನ್ನೊಂದು: ಲಸಿಕೆ ಬರಕೊಳ್ಳೂ ಸರ್ಕಾರಿ ಆನ್‌ಲೈನ್ ಯು-ವಿನ್‌ನ್ಯಾಗ ಹುಡುಕದ ಹೊಸಾ ರಜಿಸ್ಟ್ರೇಶನ್ ಮಾಡಿದ್ರ ಒಂದ ಕೂಸು ಎರಡಾಗತೈತಿ. ಅಲ್ಲಿ ಡ್ರಾಪೌಟ್, ಇಲ್ಲಿ ಹೊಸಾ ಹೆಸರು.

ಅಳ್ನಾವರದ ತಾಯಿ: 10ನೇ ವಾರದ್ದು ಎರಡು ತಿಂಗಳು ತಡ ಆತು. ಮತ್ತ ಮೊದಲಿಂದ ಹಾಕಸಬೇಕೇನ್ರಿ?

ಡಾಕ್ಟರ್: ಬ್ಯಾಡ. ನಿಂತಲ್ಲಿಂದ ಮುಂದುವರಸ್ರಿ, ನಡುವ ಕನಿಷ್ಠ 4 ವಾರ ಬಿಟ್ಟು.

ರಾಣೇಬೆನ್ನೂರು: ನಮ್ದೂ ತಡ ಆಗೇತ್ರಿ, ಮೊದಲಿಂದಾ?

ಡಾಕ್ಟರ್: ಮ್ಯಾಲೆ ಓದ್ರಿ.

ಗಜೇಂದ್ರಗಡ: ಒಂದ ಕೂಸಿಗೆ ಎಂಆರ್ (ದಡಾರ-ರುಬೆಲ್ಲಾ ಲಸಿಕೆ) ವೈಲ್ ಅಂದ್ರ ಬಾಟ್ಲಿ ಒಡೀಬೇಕೇನ್ರಿ?

ಡಾಕ್ಟರ್: ಒಡೀರಿ. ಉಳಿದ ಡೋಸ್ ಉಳಸಾಕ ಹೋಗಿ ಕೂಸಿನ್ನ ಕಳಸಿದ್ರ ಅದು ತಿರುಗಿ ಬರೂ ಗ್ಯಾರಂಟಿ ಇಲ್ಲ. ಕಲಸಿದ ಟೈಮ್ ವೈಲ್ ಮ್ಯಾಲೆ ಬರೀರಿ, 4 ತಾಸಿನ ಮ್ಯಾಲೆ ಹಾಕಬ್ಯಾಡ್ರಿ. ಒಡೆದ ವೈಲ್ 28 ದಿನ ಬಳಸೂ ಪೆಂಟಾದ ನಿಯಮ ಇದಕ್ಕ ನಡೆಯೂದಿಲ್ಲ.

ಬ್ಯಾಡಗಿ ಆಶಾ: ಮೆಣಸಿನಕಾಯಿ ಸೀಜನ್ನಿಗೆ ಬಂದ ಕೂಲಿಯವ್ರ ಮಕ್ಕಳನ್ನ ಯಾವ ಊರಿನ ಲೆಕ್ಕಕ್ಕ ಹಾಕೂದು?

ಗದಗ ಮೆಂಬರ್: ಫಾರ್ವರ್ಡ್ ಬಂದೈತಿ: ಸೂಜಿ ಚುಚ್ಚಿದಲ್ಲಿ ಸುಣ್ಣ-ಅರಿಶಿನ ಹಚ್ಚಿದ್ರ ಬಾವು ಇಳೀತೈತಂತ.

ಡಾಕ್ಟರ್: ಹಚ್ಚಬ್ಯಾಡ್ರಿ! ಸುಣ್ಣ ಚರ್ಮಾ ಸುಡತೈತಿ. ತಣ್ಣೀರಿನ ಒದ್ದಿ ಬಟ್ಟಿ ಸಾಕು. ಬಿಸಿಜಿ (ಟಿಬಿ ಲಸಿಕೆ) ಗುಳ್ಳಿ ಅಂತೂ ಮುಟ್ಟಲೇಬ್ಯಾಡ್ರಿ, ಅದು ತಾನ ಒಣಗತೈತಿ. ಇದ ಮೆಸೇಜು ಈ ವಾರ ಮೂರನೇ ಸಲ. ಓದಿ ಕಳಸ್ರಿ.

ಹುಬ್ಬಳ್ಳಿ ತಂದೆ: ಪ್ರೈವೇಟಿನ್ಯಾಗ ಹಾಕಿಸಿದ್ರೂ ಆಶಾ ಬಂದು ಮತ್ತ ಹಾಕಸ್ರಿ ಅಂತಾರ. ಎಂಥಾ ಲೆಕ್ಕ ಇದು?

ಹಾನಗಲ್ ಆಶಾ: ಕಾರ್ಡ್ ತೋರ್ಸದ ಬಾಗಲಾ ಹಾಕ್ಕೊಂಡ್ರ ನಮಗ ಕನಸು ಬೀಳತೈತೇನ್ರಿ?

ಹುಬ್ಬಳ್ಳಿ ತಂದೆ: ತೋರಸೂ ದರ್ದು ನಮಗಿಲ್ಲ.

ಹಾನಗಲ್ ಆಶಾ: ಹಂಗಾರ ಬಾಕಿ ಅಂತನ ಬರೀತೀವಿ.

ಡಾಕ್ಟರ್: ಇಬ್ರೂ ನಿಲ್ಲಸ್ರಿ. ತಾರೀಖು, ಬ್ಯಾಚ್ ನಂಬರ್ ಕಾಣೂಹಂಗ ಕಾರ್ಡಿನ ಫೋಟೋ ಕೊಡ್ರಿ. ಬಾಯಿಮಾತಿನ ಮ್ಯಾಲೆ ಯಾರೂ ಬರಕೋಬ್ಯಾಡ್ರಿ.

ರಾಣೇಬೆನ್ನೂರು: ಮ್ಯಾಲೆ ಎಲ್ಲೈತ್ರಿ?

ಬ್ಯಾಡಗಿ ಆಶಾ: ಸರ್, ಕೂಲಿಯವ್ರ ಮಕ್ಕಳದ್ದು ಕೇಳಿದ್ನಲ್ರಿ?

ಗದಗ ಮೆಂಬರ್: ಸುಣ್ಣ ಬ್ಯಾಡ ಅಂದ್ರ ಬರೇ ಅರಿಶಿನ ನಡೀತೈತೇನ್ರಿ?