ಕ್ಯಾರವಾನ್ ಎಳಿಯಾಕ ಯಾವ ಗಾಡಿ? ಮನಿ ಗ್ರೂಪಿನ ಜಗಳ

ಗುಂಪು: ನಮ್ಮ ಮನಿ ಮಂದಿ

ಹಾವೇರಿ ಮಾಮಾ: (ಫೋಟೊ) ಎರ್ಟಿಗಾ, ಪೆಟ್ರೋಲ್, ಒಬ್ಬರ ಕೈಯಾಗ ಓಡಿದ್ದು. ರಾಣೆಬೆನ್ನೂರಾಗ ಐತಿ. ಏಳು ಸೀಟು, ರೇಟೂ ನಮಗ ಹೊಂದತೈತಿ. ಹಿಂದ ಒಂದು ಹುಕ್ ಕೂಡಿಸಿಬಿಟ್ರ ನಮ್ಮ ಕ್ಯಾರವಾನ್, ಅಂದ್ರ ಹಾಸಿಗಿ-ಒಲಿ ಇರೋ ಆ ಮನಿಯಂಥಾ ಟ್ರೇಲರ್, ಎಳಿಯಾಕ ಇದೇ ಸಾಕು. ಎಲ್ಲಾರೂ ಹೂಂ ಅಂದ್ರ ನಾಳೆ ಅಡ್ವಾನ್ಸ್ ಕೊಟ್ಟು ಬರ್ತೀನಿ.

ವೈನಿ: ಬಣ್ಣ ಭಾಳ ಚಲೋ ಐತಿ ಮಾಮಾ.

ನಾನು: ಮಾಮಾ, ಅಡ್ವಾನ್ಸ್ ಕೊಡಬ್ಯಾಡ್ರಿ, ಕೈ ಮುಗೀತೀನಿ. ಎರ್ಟಿಗಾ ಮನಿಗೆ ಚಲೋ ಗಾಡಿ, ಅದರಾಗ ಎರಡು ಮಾತಿಲ್ಲ. ಆದ್ರ ಟ್ರೇಲರ್ ಎಳಿಯೋ ಗಾಡಿ ಅಲ್ಲ ಅದು. ಅದರ ಪೆಟ್ರೋಲ್ ಎಂಜಿನ್ ಕೊಡೋ ಟಾರ್ಕ್, ಅಂದ್ರ ತಿರಗಸೋ ಬಲ, ಸುಮಾರು 137 ನ್ಯೂಟನ್ ಮೀಟರ್. ಇನ್ನೋವಾ ಕ್ರಿಸ್ಟಾ ಡೀಸೆಲ್ 343 ಕೊಡತೈತಿ. ಅದಕ್ಕಿಂತ ದೊಡ್ಡ ತೊಂದ್ರಿ ಅಂದ್ರ ಎರ್ಟಿಗಾದಾಗ ಎಳಿಯೋವು ಮುಂದಿನ ಗಾಲಿ. ಟ್ರೇಲರಿನ ಮೂತಿ (ಹುಕ್ಕಿಗೆ ಸಿಗಸೋ ಮುಂದಿನ ತುದಿ) ಹಿಂದ ಕುಂತ ಕೂಡಲೇ ಗಾಡಿ ಹಿಂದ ಕುಗ್ಗತೈತಿ, ಮುಂದಿನ ಗಾಲಿ ಹಗುರ ಆಗತಾವ. ಮಳಿಯೊಳಗ ಅಂಕೋಲಾದಿಂದ ಅರಬೈಲ್ ಘಾಟ್ ಏರೋವಾಗ ಆ ಗಾಲಿ ತಿರಗತಾವ, ಗಾಡಿ ಮುಂದ ಹೋಗಂಗಿಲ್ಲ.

ಹಾವೇರಿ ಮಾಮಾ: ನಮ್ಮ ಕಡೆ ಎರ್ಟಿಗಾದಾಗ ಒಂಬತ್ತ ಮಂದಿ ಕುಂತು, ಮ್ಯಾಲ ಕ್ಯಾರಿಯರ್ ತುಂಬ ಸಾಮಾನು ಕಟಗೊಂಡು ಧರ್ಮಸ್ಥಳಕ್ಕ ಹೋಗಿಬರ್ತಾರ.

ನಾನು: ಅದೂ ತಪ್ಪ ಮಾಮಾ. ಮತ್ತ ಅಲ್ಲಿ ಭಾರ ಗಾಡಿಯೊಳಗ ಇರತೈತಿ. ಇಲ್ಲಿ ಭಾರ ಹಿಂದ ಜೋತುಬಿದ್ದು ಬರತೈತಿ, ನಾವು ಬ್ರೇಕ್ ಹಾಕಿದಾಗ ಅದು ನಮ್ಮನ್ನ ನೂಕತೈತಿ.

ಬೆಂಗಳೂರು ತಮ್ಮ: (ವಿಡಿಯೋ) ಅಕ್ಕಾ ಇದನ್ನ ನೋಡು. ಆಸ್ಟ್ರೇಲಿಯಾದಾಗ ಟೊಯೊಟಾದ ಹೈಲಕ್ಸ್ ಪಿಕಪ್ 3,500 ಕೆಜಿ ಎಳಿಯಾಕತ್ತೈತಿ. ನಮ್ಮದು ಒಂದು ಟನ್ನೂ ಇಲ್ಲ. ಥಾರ್ ತಗೊಳ್ಳೂಣು, ಫೋರ್ ಬೈ ಫೋರ್, ಕೆಸರೂ ದಾಟತೈತಿ.

ನಾನು: ವಿಡಿಯೋ ಪೂರ್ತಿ ನೋಡಿದಿ ಏನು? ಆ 3,500 ಕೆಜಿ ಟ್ರೇಲರಿಗೆ ಅದರದ ಬ್ರೇಕ್ ಇದ್ದಾಗಿನ ಲೆಕ್ಕ. ಬ್ರೇಕ್ ಇಲ್ಲದ ಟ್ರೇಲರಿಗೆ ಅದೇ ಹೈಲಕ್ಸಿಗೆ ಅಲ್ಲಿ 750 ಕೆಜಿ ಅಷ್ಟ. ಯುರೋಪಿನಾಗೂ 750 ದಾಟಿದ ಟ್ರೇಲರಿಗೆ ಸ್ವಂತ ಬ್ರೇಕ್ ಇರಾಕಬೇಕು. ಇನ್ನ ಥಾರ್. ಮೂರು ಬಾಗಿಲಿನ ಥಾರಿನ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವ 2,450 ಮಿಲಿಮೀಟರ್. ಗಾಡಿ ಗಿಡ್ಡ ಇದ್ದಷ್ಟು ಹಿಂದಿನ ಟ್ರೇಲರ್ ಅದನ್ನ ಆಚೀಚಿ ಎಳದಾಡತೈತಿ. ಮತ್ತ ನಾಕ ಸೀಟು. ಆಯಿನ್ನ ಎಲ್ಲಿ ಕುಂದ್ರಸ್ತಿ?

ಬೆಂಗಳೂರು ತಮ್ಮ: ಐದು ಬಾಗಿಲಿನ ಥಾರ್ ರಾಕ್ಸ್ ತಗೊಳ್ಳೂಣು ಹಂಗಾದ್ರ. ಗಾಲಿ ನಡುವ 2,850 ಐತಿ.

ನಾನು: ಐದು ಸೀಟು. ನಾವು ಏಳು ಮಂದಿ.

ವೈನಿ: ಆಯಿ ನನ್ನ ಬಾಜೂಕ ಕುಂತಾರ, ಇದನ್ನ ಗ್ರೂಪಿನಾಗ ಬರಿ ಅಂದ್ರು: "ನನಗ ಮೊಣಕಾಲ ಬ್ಯಾನಿ. ಕ್ಯಾರವಾನಿನಾಗ ಹಾಸಿಗಿ ಐತೆಲ್ಲ, ಬನಶಂಕರಿಗೆ ಹೋಗೂತನಕ ನಾ ಅಲ್ಲೇ ಅಡ್ಡ ಆಗ್ತೀನಿ. ಗಾಡಿ ಯಾವುದರ ತಗೋರಿ."

ನಾನು: ವೈನಿ, ಆಯಿಗೆ ಸಮಾಧಾನದಿಂದ ತಿಳಿಸಿ ಹೇಳ್ರಿ. ಗಾಡಿ ಓಡೋವಾಗ ಟ್ರೇಲರಿನಾಗ ಯಾರೂ ಇರಂಗಿಲ್ಲ. ಅಲ್ಲಿ ಬೆಲ್ಟ್ ಇಲ್ಲ, ಗ್ಯಾಸ್ ಐತಿ, ಹಾಸಿಗಿ ಕೆಳಗ ಬ್ಯಾಟರಿ ಐತಿ. ಒಂದು ತಗ್ಗಿಗೆ ಬಿದ್ರ ನಮಗ ಮುಂದ ಗೊತ್ತ ಆಗಂಗಿಲ್ಲ. ಆಯಿ ಕೂಗಿದ್ರೂ ಕೇಳಸಂಗಿಲ್ಲ. ಅದಕ್ಕ ಎಳಿಯೋ ಗಾಡಿಯೊಳಗ ಆಯಿ ಕಾಲು ಚಾಚಿ ಕೂಡುವಂತಾ ಸೀಟು ಬೇಕು, ಹತ್ತಾಕ ಎತ್ತರ ಇರಬಾರದು. ನಾನು ಗಾಡಿ ಆರಸಾಕ ಇದನ್ನೂ ಹಿಡದ ಹೇಳಾಕತ್ತೀನಿ.

ಗದಗ ಕಾಕಾ: ಯವ್ವಾ, ನೀ ಎಂಜಿನ್ ಲೆಕ್ಕ ಹೇಳಿದಿ, ಸರಿ. ಆದ್ರ ಟ್ರೇಲರಿನಾಗ ಸಾಮಾನು ಹೇರೋದು ಯಾರಿಗೆ ಗೊತ್ತೈತಿ? ಹೋದ ಸಲ ತಮ್ಮ ನೀರಿನ ಕ್ಯಾನ್ ಎಲ್ಲಾ ಹಿಂದಿನ ಮೂಲಿಗೆ ಇಟ್ಟಿದ್ದ. ನಾ ನೋಡಿ ಸುಮ್ಮನ ಕುಂತೆ. ಚಕ್ಕಡಿ ಹೂಡಿದವರಿಗೆ ಇದು ಹೊಸಾದಲ್ಲ. ಚೀಲ ಹಿಂದ ಜಾಸ್ತಿ ಹೇರಿದ್ರ ನೊಗ ಮ್ಯಾಲ ಏಳತೈತಿ, ಎತ್ತಿನ ಕೊರಳ ಹಗ್ಗ ಬಿಗೀತೈತಿ. ಮುಂದ ಜಾಸ್ತಿ ಆತು ಅಂದ್ರ ಹೆಗಲಿಗೆ ಬಿದ್ದು ಎತ್ತು ದಣೀತಾವ. ಒಂದೀಟ ಮುಂದ ಭಾರ ಇರಬೇಕು, ಅಷ್ಟ.

ನಾನು: ಕಾಕಾ, ಇದನ್ನ ಎಲ್ಲಾರೂ ಎರಡು ಸಲ ಓದ್ರಿ ಅಂತ ನಾ ಹೇಳ್ತೀನಿ! ಕ್ಯಾರವಾನಿಗೂ ಅದೇ ನ್ಯಾಯ. ತುಂಬಿದ ತೂಕದ ಹತ್ತರಾಗ ಒಂದು ಪಾಲು ಹುಕ್ಕಿನ ಮ್ಯಾಲ ಕುಂದ್ರಬೇಕು. ನಮ್ಮ ಟ್ರೇಲರಿನ ಪ್ಲೇಟಿನ ಮ್ಯಾಲ ಖಾಲಿ 680, ತುಂಬಿದ್ದು 950 ಅಂತ ಐತಿ. ಅಂದ್ರ ಹುಕ್ಕಿನ ಮ್ಯಾಲ 95 ಕೆಜಿ ಹತ್ರ. ಕಡಿಮಿ ಆತು ಅಂದ್ರ ಟ್ರೇಲರ್ ಬಾಲ ಅಳ್ಳಾಡಸಾಕ ಹತ್ತತೈತಿ. ಗದಗ ದಾಟಿ ಮುಂಡರಗಿ ಕಡೆ ಹೊಂಟ್ರ ಕಪ್ಪತಗುಡ್ಡದ ಗಾಳಿ ಅಡ್ಡ ಹೊಡೀತೈತೆಲ್ಲ, ಸುಮ್ಮನ ಅಲ್ಲಿ ಗಾಳಿಯಂತ್ರ ನಿಲ್ಲಿಸಿಲ್ಲ. ಆ ಗಾಳಿಗೆ ಹಿಂಭಾರದ ಟ್ರೇಲರ್ ಒಮ್ಮೆ ಅಳ್ಳಾಡಾಕ ಹತ್ತಿದ್ರ ಹಿಡಿಯೋದು ಕಷ್ಟ. ಹಂಗ ಆದ್ರ ಜೋರ್ ಬ್ರೇಕ್ ಹಾಕಬಾರದು, ಸ್ಟೇರಿಂಗ್ ತಿರವ್ಯಾಡಬಾರದು. ಎಕ್ಸಲೇಟರ್ ಮ್ಯಾಲಿಂದ ಕಾಲ ತಗದು, ಸ್ಟೇರಿಂಗ್ ನೆಟ್ಟಗ ಹಿಡಕೊಂಡು ಗಾಡಿ ತಾನ ನಿಧಾನ ಆಗಾಕ ಬಿಡಬೇಕು.

ಬೆಂಗಳೂರು ತಮ್ಮ: ಕಾಕಾ ತಪ್ಪಾತು, ಇನ್ನಮ್ಯಾಲ ಕ್ಯಾನ್ ನಡುವ ಇಡ್ತೀನಿ.

ಗದಗ ಕಾಕಾ: ಆತಪ್ಪಾ.

ನಾನು: ತೂಕದ ಮಾತು ಬಂತು ಅಂತ ಇದನ್ನೂ ಹೇಳಿಬಿಡ್ತೀನಿ. 950ರಾಗ 680 ಕಳದ್ರ ನಮ್ಮ ಕೈಯಾಗ ಉಳಿಯೋದು 270. ನೂರು ಲೀಟರ್ ನೀರು ಅಂದ್ರ ನೂರು ಕೆಜಿ. ಇನ್ವರ್ಟರ್ ಬ್ಯಾಟರಿ 55 ಹತ್ರ. ತುಂಬಿದ ಗ್ಯಾಸ್ ಸಿಲಿಂಡರ್ 30. ಅಲ್ಲೇ 185 ಆತು. ಉಳಿದ 85ರಾಗ ಹಾಸಿಗಿ, ಒಲಿ, ಬಾಂಡೆ, ರೊಟ್ಟಿ ಡಬ್ಬಿ, ಚಟ್ನಿಪುಡಿ, ಎಲ್ಲಾರ ಬ್ಯಾಗು. ದೊಡ್ಡವ್ವ ಒಯ್ಯೋ ಕಬ್ಬಿಣದ ದೊಡ್ಡ ಕಡಾಯಿ ಬ್ಯಾರೆ. ನೀರು ಮನಿಂದನ ತುಂಬಕೊಂಡು ಹೋಗೋ ಅಗತ್ಯ ಏನೈತಿ? ಊರು ಮುಟ್ಟಿದ ಮ್ಯಾಲ ತುಂಬೂಣು.

ದೊಡ್ಡವ್ವ: ಕಡಾಯಿ ಬಿಡಂಗಿಲ್ಲ ನಾ. ನೀರು ಬಿಡ್ರಿ.

ನವನಗರ ಅಣ್ಣ: ಆಫೀಸಿನಾಗ ಇದ್ದೆ, ಈಗ ಓದಿದೆ. ಏಳು ಮಂದಿ ತಲಿಗೆ 60 ಹಿಡದ್ರ 420, ಅದರ ಮ್ಯಾಲ ಹುಕ್ಕಿನ 95. ಗಾಡಿ ಹೊರೋ ಭಾರ 515 ಆತು. ಇಷ್ಟು ಹೊತ್ತು, ಹಿಂದ ಒಂದು ಟನ್ ಹತ್ರ ಎಳಕೊಂಡು ಹೋಗೋ ಗಾಡಿ ಚಾಸಿ (ಕೆಳಗಿನ ಗಟ್ಟಿ ಚೌಕಟ್ಟು) ಮ್ಯಾಲ ಬಾಡಿ ಕುಂತದ್ದ ಇರಬೇಕು, ಹುಕ್ ಚಾಸಿಗೆ ಬೋಲ್ಟ್ ಆಗಬೇಕು. ನನ್ನ ಓಟು ಸ್ಕಾರ್ಪಿಯೊ ಎನ್ ಡೀಸೆಲ್. ಮ್ಯಾನುವಲ್ ಗಾಡಿ 370 ಟಾರ್ಕ್, ಹಿಂದಿನ ಗಾಲಿ ಎಳಿತಾವ, ಫೋರ್ ಬೈ ಫೋರೂ ಸಿಗತೈತಿ. ಕಾಕಾನ ಎರಿ ಹೊಲಕ್ಕ ಹೋಗಾಕ ಅದ ಬೇಕು.

ಗದಗ ಕಾಕಾ: ಮಳಿ ಬಿದ್ದ ಎರಿಯೊಳಗ ನನ್ನ ಟ್ರ್ಯಾಕ್ಟರ್ ಹುಗದು ನಿಂತದ್ದು ನೀನ ನೋಡಿದಿ. ಅಲ್ಲಿ ಕ್ಯಾರವಾನ್ ಯಾಕ ತರ್ತೀರಿ? ಮಳಿಗಾಲದಾಗ ಡಾಂಬರಿನ ಮ್ಯಾಲ ನಿಲ್ಲಸ್ರಿ, ಹೊಲಕ್ಕ ನಡಕೋತ ಬರ್ರಿ.

ಧಾರವಾಡ ಅಕ್ಕ: ಇಸುಝು ವಿ ಕ್ರಾಸ್ ಪಿಕಪ್ ಯಾಕ ಬ್ಯಾಡ? ಎಳಿಯಾಕನ ಮಾಡಿದಂಗ ಐತಿ.

ವೈನಿ: ಅದರ ಉದ್ದ ಐದು ಮೀಟರ್ ದಾಟತೈತಿ ಅಕ್ಕಾ. ವರ್ಷದಾಗ ಕ್ಯಾರವಾನ್ ಹೊಂಡೋದು ಕೆಲವು ಸಲ, ಉಳದ ದಿನ ನಾ ಅದನ್ನ ತಗೊಂಡು ದುರ್ಗದಬೈಲ್ ಪ್ಯಾಟಿಗೆ ಕಾಯಿಪಲ್ಲೆ ತರಾಕ ಹೋಗಬೇಕು, ಹುಡುಗರನ್ನ ಸಾಲಿಗೆ ಬಿಡಬೇಕು. ಸೀಟೂ ಐದ.

ನಾನು: ವೈನಿ ಹೇಳೋದು ಬರೋಬ್ಬರಿ. ಅಣ್ಣಾ, ಸ್ಕಾರ್ಪಿಯೊ ಎನ್ ಎಳಿಯಾಕ ಚಲೋನ. ಆದ್ರ ಮೂರನೇ ಸಾಲಿನಾಗ ಮಂದಿ ಕುಂತ್ರ ಹಿಂದ ಒಂದು ಬ್ಯಾಗಿಗೂ ಜಾಗ ಉಳಿಯಂಗಿಲ್ಲ. ಮತ್ತ ಆಯಿ ಅದನ್ನ ಹತ್ತೋದು ಹೆಂಗ? ಕ್ರಿಸ್ಟಾದ ಮೆಟ್ಟಲಾ ತಗ್ಗು, ನಡುವಿನ ಸಾಲಿನಾಗ ಬಿಡಿ ಸೀಟು ಸಿಗತಾವ, ಚಾಸಿ ಗಾಡಿ, ಹಿಂದಿನ ಗಾಲಿ ಎಳಿತಾವ. ಹುಕ್ಕಿನ ಭಾರ ಆ ಗಾಲಿ ಮ್ಯಾಲ ಬಿದ್ರ ಹಿಡಿತ ಹೆಚ್ಚ ಆಗತೈತಿ. ಹೊಸಾ ಹೈಕ್ರಾಸ್ ಅಂತ ಯಾರೂ ಹೇಳಬ್ಯಾಡ್ರಿ, ಹೆಸರು ಇನ್ನೋವಾ ಇದ್ರೂ ಅದು ಮುಂದಿನ ಗಾಲಿಯದ್ದು, ಚಾಸಿ ಇಲ್ಲ.

ನವನಗರ ಅಣ್ಣ: ಕ್ರಿಸ್ಟಾ ಆದ್ರೂ ನಡೀತೈತಿ. ಒಂದು ಮಾತು. ನಮ್ಮ ದೇಶದಾಗ ಭಾಳ ಕಾರಿನ ಪುಸ್ತಕದಾಗ ಎಷ್ಟು ಎಳಿಬೇಕು ಅಂತ ಬರದಿರಂಗಿಲ್ಲ. ಹೊರದೇಶದ ಅಂಕಿ ಹಿಡಕೊಂಡು ಕೂಡಬಾರದು. ಕಂಪನಿಯವರಿಂದ ಬರವಣಿಗಿಯೊಳಗ ತರಸಬೇಕು. ಆರ್‌ಟಿಒದಾಗ ಹುಕ್ಕಿನ ವಿಚಾರ ಕೇಳಬೇಕು, ಇನ್ಶೂರೆನ್ಸಿನವರಿಗೂ ತಿಳಸಬೇಕು. ಕಾಯ್ದೆ ಪ್ರಕಾರ ಟ್ರೇಲರೂ ಒಂದು ಮೋಟಾರು ವಾಹನ, ಅದರ ಆರ್‌ಸಿ ಬ್ಯಾರೆ.

ನಾನು: ಆ ಕೆಲಸ ನಿನಗ ಬಿಟ್ಟೆ ಅಣ್ಣಾ. ಈಗ ನನ್ನ ಮುಖ್ಯ ಮಾತು. ಕ್ರಿಸ್ಟಾ ತಗೊಂಡ್ರೂ, ಮುಂದ ಯಾವ ದೊಡ್ಡ ಗಾಡಿ ತಗೊಂಡ್ರೂ, ಕ್ಯಾರವಾನಿನ ಬ್ರೇಕ್ ರಿಪೇರಿ ಆಗೂತನಕ ನಾ ಸ್ಟೇರಿಂಗ್ ಹಿಡಿಯಂಗಿಲ್ಲ. ಅದಕ್ಕ ನೂಕು ಬ್ರೇಕ್ ಐತಿ. ಮುಂದಿನ ಗಾಡಿ ನಿಧಾನ ಆದ್ರ ಟ್ರೇಲರ್ ಮುಂದ ನೂಕತೈತಿ, ಆ ನೂಕಿಗೆ ಮೂತಿಯೊಳಗಿನ ರಾಡ್ ಒಳಗ ಸರದು ಕೇಬಲ್ ಎಳದು ಗಾಲಿಯ ಬ್ರೇಕ್ ಹಿಡಿತೈತಿ. ನಿನ್ನೆ ನಾ ಬಗ್ಗಿ ನೋಡಿದೆ. ರಾಡಿನ ರಬ್ಬರ್ ಬೂಟ್ ಹರದು ಒಳಗ ಕೆಮ್ಮಣ್ಣು ತುಂಬೈತಿ, ರಾಡ್ ಜಂಗ್ ಹಿಡದು ಒಂದು ಬೆರಳಿನಷ್ಟೂ ಸರಿಯವಲ್ದು. ಎಡಗಡೆ ಕೇಬಲ್ ಜೋಲಿ ಬಿದ್ದೈತಿ. ಅಂದ್ರ ಇಷ್ಟ ದಿನ 900 ಕೆಜಿಗೂ ಹೆಚ್ಚಿನ ಭಾರ ತನ್ನ ಬ್ರೇಕ್ ಇಲ್ಲದಂಗ ನಮ್ಮ ಬೆನ್ನಿಗೆ ಬಂದೈತಿ. ಅರಬೈಲ್ ಇಳಿಯೋವಾಗ ಎಷ್ಟ ತಿರುವು ಅದಾವ ನೆನಸ್ರಿ, ಎದುರಿಗೆ ಅದಿರು ಲಾರಿ, ಮ್ಯಾಲ ಮಂಜು. ಕಾಲ ಬ್ರೇಕ್ ಮ್ಯಾಲನ ಇಟ್ಟು ಇಳದ್ರ ಮುಂದಿನ ಗಾಡಿಯ ಬ್ರೇಕೂ ಕಾದು ಹಿಡಿಯೋದು ಬಿಡತಾವ. ಘಾಟಿನ ಮ್ಯಾಲ ಇದ್ದಾಗನ ಎರಡು ಇಲ್ಲಾ ಮೂರನೇ ಗೇರಿಗೆ ಹಾಕಿ ಇಳಿಬೇಕು. ಸ್ಪೀಡೂ ಅಷ್ಟ. 60ರಾಗ ಹೋಗೋ ಗಾಡಿ 80ಕ್ಕ ಹೋದ್ರ ನಿಲ್ಲಸಾಕ ಬೇಕಾಗೋ ಶಕ್ತಿ ಸುಮಾರು ಒಂದೂ ಮುಕ್ಕಾಲು ಪಟ್ಟು.

ಹಾವೇರಿ ಮಾಮಾ: ಇಷ್ಟ ಐತಿ ಅಂತ ನನಗ ಗೊತ್ತಿರಲಿಲ್ಲವ್ವಾ. ನಾ ಸೀಟು ಮತ್ತ ರೇಟು ನೋಡಿದ್ದೆ. ಆದ್ರ ಕ್ರಿಸ್ಟಾ ಹಳೇದೂ ತುಟ್ಟಿ.

ನಾನು: ತುಟ್ಟಿ ಹೌದು ಮಾಮಾ. ನಾವು ನಾಕ ಮನಿ ಕೂಡಿ ತಗೊಳ್ಳಾಕತ್ತೀವಿ. ಮೊದಲ ಬ್ರೇಕಿಗೆ ರೊಕ್ಕ, ಆಮ್ಯಾಲ ಗಾಡಿಗೆ. ಬನದ ಹುಣ್ಣಿವಿಗೆ ಗಾಡಿ ಆಗದಿದ್ರ ಬಸ್ಸಿನಾಗ ಹೋಗೂಣು.

ಗದಗ ಕಾಕಾ: ಬ್ರೇಕಿನ ಖರ್ಚು ನನ್ನ ಕಡೆ. ಗೋಕುಲ ರೋಡಿನಾಗ ಗುರ್ತಿನವ ಒಬ್ಬ ಲೇಥ್ ಇಟ್ಟಾನ, ರಾಡ್ ಬಿಚ್ಚಿಸಿ ಕೊಡ್ತೀನಿ.

ನವನಗರ ಅಣ್ಣ: ಬ್ರೇಕ್ ರಿಪೇರಿ ಆದ ಮ್ಯಾಲ ಐತವಾರ ಮುಂಜಾನೆ ಟ್ರೇಲರ್ ಅಮರಗೋಳ ಎಪಿಎಂಸಿ ಹತ್ರ ಕಾಟಾಕ್ಕ (ಗಾಡಿ ತೂಗೋ ಕಟ್ಟಿಗೆ) ಒಯ್ಯೂಣು. ಹೋಗಾಕ ನನ್ನ ಗೆಳೆಯಾನ ಬೊಲೆರೊ ಕೇಳ್ತೀನಿ, ಊರೊಳಗ ನಿಧಾನ ಹೋದ್ರಾತು. ಮೊದಲ ಟ್ರೇಲರ್ ಬಿಚ್ಚಿ ಪೂರ್ತಿ ತೂಗೂದು. ಆಮ್ಯಾಲ ಗಾಡಿಗೆ ಹೂಡಿ, ಟ್ರೇಲರಿನ ಗಾಲಿ ಅಷ್ಟ ಕಾಟಾದ ಮ್ಯಾಲ ನಿಲ್ಲಿಸಿ ತೂಗೂದು. ಮೊದಲಿಂದರಾಗ ಎರಡನೇದು ಕಳದ್ರ ಹುಕ್ಕಿನ ಭಾರ ಬರತೈತಿ.

ನಾನು: ಖಾಲಿ ಒಯ್ಯಬ್ಯಾಡ್ರಿ. ಪ್ರವಾಸಕ್ಕ ಹೊಂಟಂಗ ಎಲ್ಲಾ ಹೇರಕೊಂಡ ಹೋಗೂಣು.

ದೊಡ್ಡವ್ವ: ಹಂಗಾರ ಕಡಾಯಿನೂ ಇಡ್ತೀನಿ. ತೂಕ ಗೊತ್ತಾಗಲಿ.

ಹಾವೇರಿ ಮಾಮಾ: ಎರ್ಟಿಗಾದವರಿಗೆ ಬ್ಯಾಡ ಅಂತ ಫೋನ್ ಮಾಡಿದೆ. ಅದೇ ಏಜೆಂಟಗ ಕ್ರಿಸ್ಟಾ ಡೀಸೆಲ್ ಇದ್ರ ನೋಡು ಅಂದೀನಿ. ಕಾಟಾ ಚೀಟಿ ಗ್ರೂಪಿಗೆ ಹಾಕ್ರಿ, ನೋಡಿದ ಮ್ಯಾಲನ ನಾ ಮಾತ ಮುಂದುವರಸ್ತೀನಿ.