ಪ್ರಿಡಾಮಿನೇಟ್ ಎಲ್ಲಿ ಸರಿ, ಡಾಮಿನೇಟ್ ಎಲ್ಲಿ ಸರಿ? ಬಳಸಿ ಗೊತ್ತಿರುವವರು ಹೇಳಿ

ಕೇಳಿದವರು, ಮಣ್ಣು ವಿಜ್ಞಾನದ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನನ್ನ ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೇನೆ. ಒಂದು ಮಾದರಿಯಲ್ಲಿ ಜೇಡಿಮಣ್ಣಿನದೇ ಮೇಲುಗೈ ಅಂತ ಹೇಳಬೇಕು. ಜೊತೆಗೆ ಓದುವವರಲ್ಲಿ ಒಬ್ಬರು ‘ಈಸ್ ಪ್ರಿಡಾಮಿನೇಟೆಡ್ ಬೈ ಕ್ಲೇ’ ಅಂತ ಬರಿ ಅನ್ನುತ್ತಾರೆ. ಇನ್ನೊಬ್ಬರು ‘ಡಾಮಿನೇಟೆಡ್’ ಸಾಕು, ‘ಪ್ರಿ’ ಯಾಕೆ ಅನ್ನುತ್ತಾರೆ. ನಾನು ನೋಡಿದ ನಿಘಂಟಿನಲ್ಲಿ ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಅರ್ಥ ಇದೆ. ನಿಜಕ್ಕೂ ವ್ಯತ್ಯಾಸ ಇದೆಯಾ? ಇದ್ದರೆ ನೀವು ಬರೆಯುವಾಗ ಹೇಗೆ ಆರಿಸಿಕೊಳ್ಳುತ್ತೀರಿ?

ಇಂಗ್ಲಿಷ್ ಪಾಠ ಮಾಡುವವರು:

ವ್ಯತ್ಯಾಸ ಇದೆ, ಮತ್ತು ಅದು ಮೊದಲು ಕಾಣುವುದು ವ್ಯಾಕರಣದಲ್ಲಿ. ಡಾಮಿನೇಟ್ ಹೆಚ್ಚಾಗಿ ಸಕರ್ಮಕ. ಅದನ್ನು ಹೇಳಿದ ತಕ್ಷಣ ‘ಯಾರನ್ನು? ಏನನ್ನು?’ ಅಂತ ಕೇಳಬಹುದು. ಒಂದು ತಂಡ ಪಂದ್ಯವನ್ನು ಡಾಮಿನೇಟ್ ಮಾಡುತ್ತದೆ. ಒಬ್ಬರೇ ಇಡೀ ಸಭೆಯನ್ನು ಡಾಮಿನೇಟ್ ಮಾಡುತ್ತಾರೆ. ಪ್ರಿಡಾಮಿನೇಟ್ ಸಾಮಾನ್ಯವಾಗಿ ಅಕರ್ಮಕ. ಅದಕ್ಕೆ ಕರ್ಮ ಬೇಡ. ‘ಕ್ಲೇ ಪ್ರಿಡಾಮಿನೇಟ್ಸ್’ ಅಂದರೆ ಸಾಕು, ವಾಕ್ಯ ಮುಗಿಯಿತು. ಎಲ್ಲಿ ಅಂತ ಹೇಳಬೇಕಾದರೆ ‘ಇನ್’ ಅಥವಾ ‘ಅಮಂಗ್’ ಹಾಕಿ. ಯಾವುದಕ್ಕಿಂತ ಅಂತ ಹೇಳಬೇಕಾದರೆ ‘ಓವರ್’ ಹಾಕಿ. ‘ಇನ್ ದಿಸ್ ಲೇಯರ್, ಕ್ಲೇ ಪ್ರಿಡಾಮಿನೇಟ್ಸ್ ಓವರ್ ಸಿಲ್ಟ್’, ಹೀಗೆ.

ಕರ್ಮವೇ ಇಲ್ಲದ ಕ್ರಿಯಾಪದಕ್ಕೆ ಕರ್ಮಣಿ ಪ್ರಯೋಗ ಎಲ್ಲಿಂದ ಬರಬೇಕು? ಹಾಗಾಗಿ ‘ಈಸ್ ಪ್ರಿಡಾಮಿನೇಟೆಡ್ ಬೈ’ ಓದುವವರ ಕಿವಿಗೆ ಕಟಕ್ ಅನ್ನುತ್ತದೆ. ಕೆಲವು ನಿಘಂಟುಗಳು ಇದರ ಸಕರ್ಮಕ ಬಳಕೆಯನ್ನೂ ದಾಖಲಿಸಿವೆ, ಅದು ನಿಜ. ಆದರೆ ಬಳಕೆ ಅಪರೂಪ. ಪ್ರಬಂಧದಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ‘ಬೈ’ ಬೇಕೇ ಬೇಕು ಅನಿಸಿದರೆ ‘ಡಾಮಿನೇಟೆಡ್ ಬೈ’ ಅಂತಲೇ ಬರೆಯಿರಿ.

ಎರಡರ ಬೇರೂ ಒಂದೇ. ಲ್ಯಾಟಿನ್‌ನಲ್ಲಿ ದೊಮಿನುಸ್ ಅಂದರೆ ಒಡೆಯ, ಯಜಮಾನ. ಮುಂದಿರುವ ‘ಪ್ರಿ’ಗೆ ಪ್ರಿಪೇಯ್ಡ್‌ನಲ್ಲಿರುವ ಹಾಗೆ ‘ಮೊದಲೇ’ ಅನ್ನುವ ಅರ್ಥ ಇಲ್ಲ. ಉಳಿದವರಿಗಿಂತ ಮುಂದೆ, ಮೇಲೆ ಅನ್ನುವ ಅರ್ಥ. ಇದನ್ನು ಹೇಳಿದ ಮೇಲೆ ಮಕ್ಕಳಿಗೆ ಆ ಪದ ಬೇಗ ಹಿಡಿತಕ್ಕೆ ಬರುತ್ತದೆ.

ಇನ್ನೊಬ್ಬರು:

ಉಚ್ಚಾರಣೆ ಯಾರೂ ಹೇಳಲಿಲ್ಲ ಅಂತ ಸೇರಿಸುತ್ತಿದ್ದೇನೆ. ‘ಪ್ರೀ’ ಅಂತ ಎಳೆಯಬೇಡಿ. ‘ಪ್ರಿ’ ಮೊಟಕು, ಒತ್ತು ‘ಡಾ’ ಮೇಲೆ. ಮೌಖಿಕ ಪರೀಕ್ಷೆಯಲ್ಲಿ ಬೇಕಾಗುತ್ತದೆ.

ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು:

ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು, ಯಾಕೆಂದರೆ ಮಣ್ಣಿನ ವಿಷಯದಲ್ಲಿ ಈ ಎರಡು ಪದಗಳ ವ್ಯತ್ಯಾಸವನ್ನು ಕೈಯಲ್ಲೇ ಮುಟ್ಟಿ ನೋಡಬಹುದು.

ನಿಮಗೆ ಗೊತ್ತಿರುವುದೇ, ಬೇರೆಯವರಿಗಾಗಿ ಹೇಳುತ್ತೇನೆ. 2 ಮಿ.ಮೀ.ಯಿಂದ 0.05 ಮಿ.ಮೀ.ವರೆಗಿನ ಕಣ ಮರಳು. 0.05ರಿಂದ 0.002 ಸಿಲ್ಟ್. ಅದಕ್ಕಿಂತ ಸಣ್ಣದು ಜೇಡಿ. ಈ ಮೂರರ ಪಾಲು ನೋಡಿ ಮಣ್ಣಿಗೆ ಹೆಸರು ಕೊಡಲು ಅಮೆರಿಕದ ಕೃಷಿ ಇಲಾಖೆಯ ತ್ರಿಕೋನ ನಕ್ಷೆಯನ್ನು ಎಷ್ಟೋ ದೇಶಗಳಲ್ಲಿ ಬಳಸುತ್ತಾರೆ. ಅದರಲ್ಲಿ ಒಂದು ಮಣ್ಣಿಗೆ ‘ಕ್ಲೇ’ ಅನ್ನುವ ಹೆಸರು ಬರಬೇಕಾದರೆ ಜೇಡಿ ಅರ್ಧಕ್ಕಿಂತ ಜಾಸ್ತಿ ಇರಬೇಕಾಗಿಲ್ಲ. ಶೇ. 40 ಇದ್ದು, ಮರಳು ಶೇ. 45ರ ಒಳಗೆ, ಸಿಲ್ಟ್ ಶೇ. 40ರ ಒಳಗೆ ಇದ್ದರೆ ಆಯಿತು. ಅದೇ ಮರಳಿನ ಮಣ್ಣಿಗೆ ‘ಸ್ಯಾಂಡ್’ ಅನ್ನುವ ಹೆಸರು ಬರಬೇಕಾದರೆ ಮರಳು ಶೇ. 85 ದಾಟಬೇಕು. ಯಾಕೆ ಹೀಗೆ? ಜೇಡಿಯ ಕಣ ತೀರಾ ಸಣ್ಣದು. ಅಷ್ಟೇ ತೂಕದ ಮರಳಿಗೆ ಹೋಲಿಸಿದರೆ ಅದರ ಮೇಲ್ಮೈ ಎಷ್ಟೋ ಪಟ್ಟು ಜಾಸ್ತಿ. ನೀರು ಹಿಡಿಯುವುದು, ಅಂಟುವುದು, ಪೋಷಕಾಂಶ ಉಳಿಸಿಕೊಳ್ಳುವುದು ಎಲ್ಲ ನಡೆಯುವುದು ಆ ಮೇಲ್ಮೈಯಲ್ಲಿ. ಹಾಗಾಗಿ ಸ್ವಲ್ಪ ಇದ್ದರೂ ಇಡೀ ಮಣ್ಣಿನ ಗುಣವನ್ನು ಅದೇ ತೀರ್ಮಾನಿಸುತ್ತದೆ.

ಒದ್ದೆ ಮಣ್ಣನ್ನು ಮುದ್ದೆ ಮಾಡಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಪಟ್ಟಿಯ ಹಾಗೆ ಹೊರಗೆ ತಳ್ಳಿ ನೋಡಿ. ಪಟ್ಟಿ 5 ಸೆಂ.ಮೀ. ದಾಟಿದರೂ ಮುರಿಯದೆ ನಿಂತರೆ ಅದು ಜೇಡಿ ಗುಂಪಿನ ಮಣ್ಣು. ಮರಳು ಬೆರಳಿಗೆ ತರಿತರಿಯಾಗಿ ಸಿಗುತ್ತಲೇ ಇರುತ್ತದೆ, ಆದರೂ ಪಟ್ಟಿ ಮುರಿಯುವುದಿಲ್ಲ. ಅಲ್ಲಿ ಮರಳು ತೂಕದಲ್ಲಿ ಜಾಸ್ತಿ ಇರಬಹುದು. ಆದರೆ ಮಾತು ನಡೆಯುವುದು ಜೇಡಿಯದು.

ನಾನು ವರದಿ ಬರೆಯುವಾಗ ಇಟ್ಟುಕೊಂಡಿರುವ ನಿಯಮ ಇಷ್ಟೇ. ಪಾಲು ಯಾವುದರದ್ದು ಜಾಸ್ತಿ ಅಂತ ಹೇಳುವಾಗ ಪ್ರಿಡಾಮಿನೇಟ್. ನಡವಳಿಕೆ ಯಾವುದರ ಹಿಡಿತದಲ್ಲಿದೆ ಅಂತ ಹೇಳುವಾಗ ಡಾಮಿನೇಟ್.

ಜೀವಶಾಸ್ತ್ರದ ಅಧ್ಯಾಪಕಿ:

ನಮ್ಮಲ್ಲೂ ಇದೇ ಗೋಜಲು. ‘ಡಾಮಿನೆಂಟ್ ಜೀನ್’ (ಜೋಡಿಯಲ್ಲಿ ಒಂದೇ ಇದ್ದರೂ ತನ್ನ ಗುಣ ತೋರಿಸುವ ಜೀನ್) ಅಂದ ಕೂಡಲೇ ವಿದ್ಯಾರ್ಥಿಗಳು ‘ಹಾಗಾದರೆ ಜನರಲ್ಲಿ ಅದೇ ಜಾಸ್ತಿ ಇರಬೇಕು ಅಲ್ವಾ?’ ಅಂತ ಕೇಳುತ್ತಾರೆ. ಇರಬೇಕಾಗಿಲ್ಲ. ಒ ರಕ್ತದ ಗುಂಪು ಎ, ಬಿ ಎರಡರ ಮುಂದೆಯೂ ಹಿಂದೆ ಸರಿಯುವಂಥದ್ದು. ಆದರೂ ಪ್ರಪಂಚದ ಎಷ್ಟೋ ಜನಸಮುದಾಯಗಳಲ್ಲಿ ಒ ಗುಂಪಿನವರೇ ಜಾಸ್ತಿ. ಇತ್ತ ಮಿದುಳಿನ ನರಕೋಶಗಳನ್ನು ಹಾಳು ಮಾಡುವ ಹಂಟಿಂಗ್‌ಟನ್ ಕಾಯಿಲೆಯ ಜೀನ್ ಡಾಮಿನೆಂಟ್, ಕಾಯಿಲೆ ಮಾತ್ರ ತುಂಬ ಅಪರೂಪ.

ಈ ಸಂಶಯ ಹಳೆಯದು. ಡಾಮಿನೆಂಟ್ ಗುಣ ಕಾಲ ಕಳೆದಂತೆ ಇಡೀ ಜನಸಂಖ್ಯೆಗೆ ಹರಡಬೇಕಲ್ಲ ಅನ್ನುವ ವಾದಕ್ಕೆ 1908ರಲ್ಲಿ ಗಣಿತಜ್ಞ ಜಿ. ಎಚ್. ಹಾರ್ಡಿ ಸರಳ ಲೆಕ್ಕದಲ್ಲಿ ಉತ್ತರ ಕೊಟ್ಟರು. ಹೊರಗಿನ ಒತ್ತಡ ಇಲ್ಲದಿದ್ದರೆ ಪಾಲು ಇದ್ದ ಹಾಗೇ ಇರುತ್ತದೆ ಅಂತ ತೋರಿಸಿದರು. ಅದೇ ವರ್ಷ ಜರ್ಮನಿಯ ವೈದ್ಯ ವೈನ್‌ಬರ್ಗ್ ಕೂಡ ಬೇರೆಯಾಗಿ ಅಲ್ಲಿಗೇ ಬಂದರು. ಹಾಗಾಗಿ ಇಬ್ಬರ ಹೆಸರೂ ಆ ನಿಯಮಕ್ಕೆ ಸೇರಿಕೊಂಡಿದೆ.

ಆನುವಂಶಿಕತೆಯ ನಿಯಮ ಕಂಡುಹಿಡಿದ ಮೆಂಡೆಲ್ ಅವರ ಬಟಾಣಿ ಪ್ರಯೋಗ ಬೇರೆ ಕಥೆ. ಎರಡನೇ ತಲೆಮಾರಿನಲ್ಲಿ 5474 ಗುಂಡು ಕಾಳು, 1850 ಸುಕ್ಕು ಕಾಳು. ಅಲ್ಲಿ ಡಾಮಿನೆಂಟ್ ಆದ ಗುಂಡು ಗುಣವೇ ಪ್ರಿಡಾಮಿನೇಟ್ ಕೂಡ ಆಗಿದೆ. ಪಠ್ಯಪುಸ್ತಕದಲ್ಲಿ ಮೊದಲು ಓದುವುದು ಇದನ್ನೇ. ಎರಡೂ ಒಂದೇ ಅನ್ನುವ ಭಾವನೆ ಅಲ್ಲಿಂದಲೇ ತಲೆಗೆ ಕೂರುತ್ತದೆ ಅಂತ ನನ್ನ ಅನಿಸಿಕೆ.

ಕಾನೂನು ಕಾಗದಪತ್ರ ಅನುವಾದಿಸುವವರು:

ಪ್ರಯೋಗಾಲಯದವರ ನಿಯಮ ಚೆನ್ನಾಗಿದೆ, ಆದರೆ ಅದನ್ನೇ ಗಟ್ಟಿಯಾಗಿ ಹಿಡಿಯಬೇಡಿ. ಪ್ರಿಡಾಮಿನೇಟ್ ಯಾವಾಗಲೂ ತಲೆಎಣಿಕೆ ಅಲ್ಲ. ಅಮೆರಿಕದ ಫೆಡರಲ್ ಕೋರ್ಟುಗಳ ಸಿವಿಲ್ ನಿಯಮ 23ರಲ್ಲಿ ಈ ಪದ ಇದೆ, 1966ರ ತಿದ್ದುಪಡಿಯಿಂದ. ತುಂಬ ಜನರ ಪರವಾಗಿ ಒಟ್ಟಿಗೆ ಒಂದು ದಾವೆ ನಡೆಸುವಾಗ, ಎಲ್ಲರಿಗೂ ಸಮಾನವಾದ ಪ್ರಶ್ನೆಗಳು ಒಬ್ಬೊಬ್ಬರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಗಳ ಮೇಲೆ ‘ಪ್ರಿಡಾಮಿನೇಟ್ ಓವರ್’ ಆಗಬೇಕು ಅನ್ನುತ್ತದೆ ಅದರ ಒಂದು ಭಾಗ. ಅಲ್ಲಿ ಈ ಕಡೆ ಹತ್ತು ಪ್ರಶ್ನೆ, ಆ ಕಡೆ ಎಂಟು ಅಂತ ಎಣಿಸಿ ತೀರ್ಮಾನಿಸುವುದಿಲ್ಲ. ದಾವೆಯ ಭಾರ ಯಾವ ಕಡೆ ಇದೆ ಅಂತ ನೋಡುತ್ತಾರೆ. ಇಂಥ ಕಡೆ ನಾನು ‘ಹೆಚ್ಚಿರು’ ಅಂತ ಬರೆಯುವುದಿಲ್ಲ, ‘ಮೇಲುಗೈ ಪಡೆ’ ಅಂತಲೇ ಬರೆಯುತ್ತೇನೆ.

ಅಂದರೆ ಸಂಖ್ಯೆಯಲ್ಲಾಗಲಿ ಬಲದಲ್ಲಾಗಲಿ ಉಳಿದವುಗಳಿಗಿಂತ ಮುಂದಿರುವುದು ಪ್ರಿಡಾಮಿನೇಟ್. ಯಾವ ಅರ್ಥ ಅನ್ನುವುದನ್ನು ಅಕ್ಕಪಕ್ಕದ ವಾಕ್ಯ ಹೇಳಬೇಕು.

ಪುಸ್ತಕ ಅನುವಾದ ಮಾಡುವವರು:

ಕನ್ನಡಕ್ಕೆ ತರುವಾಗ ಎಲ್ಲ ಕಡೆ ‘ಪ್ರಾಬಲ್ಯ’ ಹಾಕುವ ಅಭ್ಯಾಸ ನಮಗೆ ಅಂಟಿಕೊಂಡಿದೆ. ಅದು ನನಗೆ ಬೇಸರ. ಚಿತ್ರದಲ್ಲಿ ನೀಲಿ ಪ್ರಿಡಾಮಿನೇಟ್ ಆದರೆ ‘ನೀಲಿ ಎದ್ದು ಕಾಣುತ್ತದೆ’. ಒಂದು ವೃತ್ತಿಯಲ್ಲಿ ಹೆಂಗಸರು ಪ್ರಿಡಾಮಿನೇಟ್ ಆದರೆ ‘ಹೆಂಗಸರೇ ಜಾಸ್ತಿ’. ಎತ್ತರದ ಕೋಟೆ ಊರನ್ನು ಡಾಮಿನೇಟ್ ಮಾಡಿದರೆ ‘ಊರಿನಲ್ಲಿ ಎಲ್ಲಿ ನಿಂತರೂ ಕೋಟೆಯೇ ಕಾಣುತ್ತದೆ’. ಹೆಂಗಸರು ಜಾಸ್ತಿ ಇರುವ ವೃತ್ತಿಯಲ್ಲಿ ಮೇಲಿನ ಹುದ್ದೆಗಳೆಲ್ಲ ಗಂಡಸರ ಕೈಯಲ್ಲೇ ಇರಬಹುದು. ಅಲ್ಲಿ ‘ಹೆಂಗಸರ ಪ್ರಾಬಲ್ಯ’ ಅಂತ ಬರೆದರೆ ಓದುವವರಿಗೆ ಸುಳ್ಳು ಹೇಳಿದ ಹಾಗೆ. ಒಂದು ಪದದ ಸೋಮಾರಿತನದಿಂದ ಇಷ್ಟು ದೊಡ್ಡ ವಿಷಯ ಮುಚ್ಚಿಹೋಗುತ್ತದೆ.

ಇದೇ ಬಳಗದ ಇನ್ನೊಂದು ಪದ ಡಾಮಿನಿಯರ್. ಅದು ದಬಾಯಿಸುವುದು, ದರ್ಪ ತೋರಿಸುವುದು. ಮನುಷ್ಯರಿಗೆ ಮಾತ್ರ ಬಳಸಿ, ಮಣ್ಣಿಗೆ ಬೇಡ.

ಕರಡು ತಿದ್ದುವವರು:

ಎರಡು ಮಾತು. ಪ್ರಿಡಾಮಿನೆಂಟ್‌ಲಿ, ಪ್ರಿಡಾಮಿನೇಟ್‌ಲಿ ಎರಡೂ ನಿಘಂಟಿನಲ್ಲಿವೆ, ಆದರೆ ಮೊದಲನೆಯದೇ ರೂಢಿ. ಪ್ರಬಂಧದುದ್ದಕ್ಕೂ ಅದನ್ನೇ ಬಳಸಿ. ಆಮೇಲೆ, ‘ಮೋಸ್ಟ್‌ಲಿ’ ಸಾಕಾಗುವ ಕಡೆ ಸುಮ್ನೆ ‘ಪ್ರಿಡಾಮಿನೆಂಟ್‌ಲಿ’ ತುರುಕಬೇಡಿ. ಪದ ಉದ್ದ ಆದರೆ ವಿಜ್ಞಾನ ಜಾಸ್ತಿ ಆಗುವುದಿಲ್ಲ.

ಕೇಳಿದವರು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಪ್ರಯೋಗಾಲಯದವರು ಹೇಳಿದ್ದು ಓದಿ ನನ್ನ ಅಂಕಿ ಮತ್ತೆ ತೆಗೆದು ನೋಡಿದೆ. ಮರಳು ಶೇ. 44, ಜೇಡಿ ಶೇ. 41, ಸಿಲ್ಟ್ ಶೇ. 15. ಪಾಲಿನಲ್ಲಿ ಮರಳು ಮುಂದೆ, ಹೆಸರು ಮಾತ್ರ ‘ಕ್ಲೇ’! ಈಗ ‘ಸ್ಯಾಂಡ್ ಪ್ರಿಡಾಮಿನೇಟ್ಸ್, ಬಟ್ ಕ್ಲೇ ಡಾಮಿನೇಟ್ಸ್ ದಿ ಬಿಹೇವಿಯರ್ ಆಫ್ ದಿ ಸಾಯಿಲ್’ ಅಂತ ಬರೆಯಬಹುದಾ?

ಇಂಗ್ಲಿಷ್ ಪಾಠ ಮಾಡುವವರು:

ವ್ಯಾಕರಣದಲ್ಲಿ ಪೂರ್ತಿ ಸರಿ. ಆದರೆ 44ಕ್ಕೂ 41ಕ್ಕೂ ಪ್ರಿಡಾಮಿನೇಟ್ ಅನ್ನುವಷ್ಟು ಅಂತರ ಇದೆಯಾ? ಈ ಪದಕ್ಕೆ ಅರ್ಧ ದಾಟಲೇಬೇಕು ಅನ್ನುವ ಕಟ್ಟಳೆ ಏನೂ ಇಲ್ಲ. ಆದರೂ ಓದುವವರು ಇನ್ನೂ ದೊಡ್ಡ ಅಂತರ ಊಹಿಸಿಕೊಳ್ಳುತ್ತಾರೆ. ಮೊದಲ ಅರ್ಧದಲ್ಲಿ ಅಂಕಿಯನ್ನೇ ಬರೆಯಿರಿ. ಎರಡನೇ ಅರ್ಧದ ‘ಡಾಮಿನೇಟ್ಸ್’ ಹಾಗೇ ಇರಲಿ.

ಪ್ರಯೋಗಾಲಯದವರು:

ಒಪ್ಪುತ್ತೇನೆ. ಇನ್ನೊಂದು ವಿಷಯ. ಮರಳು ಇನ್ನು ಶೇ. 1 ಜಾಸ್ತಿ ಬಂದು, ಜೇಡಿ ಅಷ್ಟೇ ಕಡಿಮೆಯಾದರೂ ನಕ್ಷೆಯಲ್ಲಿ ಈ ಮಣ್ಣು ‘ಸ್ಯಾಂಡಿ ಕ್ಲೇ’ (ಮರಳು ಬೆರೆತ ಜೇಡಿ) ಕಡೆಗೆ ಹೋಗುತ್ತದೆ. ಹೈಡ್ರೋಮೀಟರ್ (ಮಣ್ಣು ಕದಡಿದ ನೀರಿನ ಸಾಂದ್ರತೆಯಿಂದ ಕಣಗಳ ಪಾಲು ತಿಳಿಸುವ ಸಾಧನ) ಅಳತೆಯಲ್ಲಿ ಅಷ್ಟು ವ್ಯತ್ಯಾಸ ಸುಲಭವಾಗಿ ಬರುತ್ತದೆ. ವಾಕ್ಯ ಕೂಡಿಸುವ ಮೊದಲು ಅದೇ ಮಾದರಿಯನ್ನು ಇನ್ನೊಮ್ಮೆ ಅಳೆದು, ನೀರಿನ ಉಷ್ಣಾಂಶಕ್ಕೆ ತಕ್ಕಂತೆ ರೀಡಿಂಗ್ ಸರಿಪಡಿಸಿದ್ದೀರಾ ನೋಡಿ. ಬಂದ ಅಂಕಿ ಇಲ್ಲೇ ಹಾಕಿ, ನೋಡೋಣ.