ಘೋಸ್ಟಿಂಗ್: ಭೂತಬಿಂಬವೋ, ಜಾಡೋ?

ಗೇಮ್ ಆಡುವವರಿಗೆಂದು ಮಾನಿಟರುಗಳ ಬಗ್ಗೆ ಒಂದು ಲೇಖನ ಬರೆಯಲು ಕುಳಿತಿದ್ದೇನೆ. ನಾಲ್ಕು ದಿನದಿಂದ ಎರಡು ಪದಗಳ ಮುಂದೆ ಬರವಣಿಗೆ ನಿಂತುಬಿಟ್ಟಿದೆ: ಘೋಸ್ಟಿಂಗ್ (ಓಡುವ ವಸ್ತುವಿನ ಹಿಂದೆ ಉಳಿದು ಕಾಣುವ ಮಾಸಲು ಬಿಂಬ) ಮತ್ತು ರೆಸ್ಪಾನ್ಸ್ ಟೈಮ್ (ಪಿಕ್ಸೆಲ್ ಒಂದು ಛಾಯೆಯಿಂದ ಇನ್ನೊಂದಕ್ಕೆ ಹೊರಳಲು ಹಿಡಿಯುವ ಹೊತ್ತು). ಎರಡನೆಯದು ಕಾರಣ, ಮೊದಲನೆಯದು ಪರಿಣಾಮ. ಒಂದರ ಕನ್ನಡ ಎಡವಿದರೆ ಇನ್ನೊಂದರ ವಿವರಣೆಯೂ ಎಡವುತ್ತದೆ. ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಪದ ಹುಡುಕುವ ಮೊದಲು ವಸ್ತುವನ್ನೇ ನೋಡೋಣವೆಂದು ಹಳೆಯ ವಿಎ (ಎಲ್‌ಸಿಡಿಯಲ್ಲೇ ಒಂದು ಬಗೆ) ಪರದೆಯೊಂದರಲ್ಲಿ ರಾತ್ರಿಯ ಕಾರು ಓಟದ ಆಟ ಹಾಕಿ, ಮೊಬೈಲಿನಲ್ಲಿ ಸೆಕೆಂಡಿಗೆ 240 ಚಿತ್ರಗಳಂತೆ ಸೆರೆಹಿಡಿದೆ. ಪರದೆ 60 ಹರ್ಟ್ಸ್‌ನದು. ಅಂದರೆ ಅದರ ಒಂದೊಂದು ಚಿತ್ರವೂ ಸುಮಾರು 16.7 ಮಿಲಿಸೆಕೆಂಡ್ ನಿಲ್ಲುತ್ತದೆ, ಮೊಬೈಲಿಗೆ ಅದೇ ಚಿತ್ರ ನಾಲ್ಕು ಬಾರಿ ಸಿಗುತ್ತದೆ. ಒಂದೊಂದಾಗಿ ಸರಿಸಿ ನೋಡಿದೆ. ಕಪ್ಪು ಆಕಾಶದ ಎದುರು ಒಂದು ಬೂದು ಕಂಬ. ಅದು ಹೊಸ ಜಾಗಕ್ಕೆ ಬಂದಿದೆ, ಆದರೆ ಇನ್ನೂ ಪೂರ್ತಿ ಮೂಡಿಲ್ಲ. ಹಳೆಯ ಜಾಗದ ಕಂಬ ಇನ್ನೂ ಪೂರ್ತಿ ಆರಿಲ್ಲ. ಅಷ್ಟರಲ್ಲಿ ಆಟ ಮೂರನೆಯ ಚಿತ್ರ ಕಳುಹಿಸಿಯಾಯಿತು. ಪರದೆಯ ಮೇಲೆ ಈಗ ಮೂರು ಕಂಬಗಳು, ಒಂದಕ್ಕಿಂತ ಒಂದು ಮಾಸಲು.

ನಡೆಯುವುದು ಇಷ್ಟೇ. ಪಿಕ್ಸೆಲ್‌ನೊಳಗಿನ ದ್ರವಸ್ಫಟಿಕದ ಅಣುಗಳು ವಿದ್ಯುತ್ತಿನ ಒತ್ತಡಕ್ಕೆ ಹೊರಳಿ ಬೆಳಕನ್ನು ಹೆಚ್ಚು ಕಡಿಮೆ ಮಾಡಬೇಕು. ಹೊರಳಲು ಹೊತ್ತು ಹಿಡಿಯುತ್ತದೆ. ಆ ಹೊತ್ತು ಒಂದು ಚಿತ್ರ ನಿಲ್ಲುವ ಹೊತ್ತನ್ನು ಮೀರಿದರೆ, ಹಿಂದಿನ ಚಿತ್ರ ಮುಂದಿನದರೊಳಗೆ ಉಳಿದುಕೊಳ್ಳುತ್ತದೆ. 144 ಹರ್ಟ್ಸ್‌ನ ಪರದೆಯಲ್ಲಿ ಚಿತ್ರಕ್ಕೆ ಸಿಗುವುದು ಸುಮಾರು 6.9 ಮಿಲಿಸೆಕೆಂಡ್. ಪಿಕ್ಸೆಲ್‌ಗೆ 12 ಬೇಕಾದರೆ ಅದು ಎಂದಿಗೂ ಗುರಿ ಮುಟ್ಟದೆ ಬೆನ್ನಟ್ಟುತ್ತಲೇ ಇರುತ್ತದೆ. ವಿಎ ಪರದೆಗಳಲ್ಲಿ ಕಪ್ಪಿನಿಂದ ತುಸು ಕಡಿಮೆ ಕಪ್ಪಿಗೆ ಹೊರಳುವುದೇ ಎಲ್ಲಕ್ಕಿಂತ ನಿಧಾನ. ಒದ್ದೆ ಶಾಯಿಯ ಮೇಲೆ ಬೆರಳಾಡಿಸಿದಂತೆ ಕತ್ತಲೆಯ ದೃಶ್ಯಗಳು ಕದಡುವುದು ಅದಕ್ಕೇ.

ಇನ್ನು ಪದಕ್ಕೆ ಬರುತ್ತೇನೆ. ನನಗೆ ಮೊದಲು ಹೊಳೆದದ್ದು ‘ಭೂತಬಿಂಬ’. ಇಂಗ್ಲಿಷಿನ ಪದವನ್ನು ಹಾಗೆಯೇ ತಿರುಗಿಸಿದಂತೆ ಕಂಡರೂ ಇದರಲ್ಲೊಂದು ಸೊಗಸಿದೆ. ಕನ್ನಡದಲ್ಲಿ ಭೂತವೆಂದರೆ ಕಳೆದುಹೋದ ಕಾಲವೂ ಹೌದು. ಕಳೆದ ಚಿತ್ರದ ಬಿಂಬ ಎಂಬ ನಿಜವಾದ ಅರ್ಥ ತಾನಾಗಿಯೇ ಕೂಡಿಬರುತ್ತದೆ. ಎರಡು ದಿನ ಇದನ್ನೇ ಹಿಡಿದುಕೊಂಡಿದ್ದೆ. ಆದರೆ ಭೂತಕನ್ನಡಿ ಅಡ್ಡ ಬಂತು. ನೋಟಕ್ಕೆ ಸಂಬಂಧಿಸಿದ ಮಾತಿನಲ್ಲಿ ‘ಭೂತ’ ಎಂದೊಡನೆ ನಮ್ಮ ಮನಸ್ಸು ಹಿಗ್ಗಿಸಿ ತೋರಿಸುವುದರ ಕಡೆಗೆ ಓಡುತ್ತದೆ. ಭೂತಬಿಂಬ ಎಂದು ಓದಿದ ಹುಡುಗನೊಬ್ಬ ‘ಜೂಮ್ ಮಾಡಿದ ಚಿತ್ರವೇ?’ ಎಂದು ಕೇಳಿದ. ಅವನ ತಪ್ಪೇನೂ ಇಲ್ಲ.

‘ನೆರಳು’ ಸರಳ ಪದ. ಆಂಟೆನಾ ಕಾಲದ ಟಿವಿಯಲ್ಲಿ ಸಂಕೇತ ಗೋಡೆಗೋ ಗುಡ್ಡಕ್ಕೋ ತಾಕಿ ತಡವಾಗಿ ಬಂದು, ಮುಖದ ಪಕ್ಕದಲ್ಲಿ ಇನ್ನೊಂದು ಮಾಸಲು ಮುಖ ಕಂಡಾಗ ‘ನೆರಳು ಬರುತ್ತಿದೆ’ ಎನ್ನುತ್ತಿದ್ದೆವು. ಅಲ್ಲಿ ಅದು ಸರಿಯಾಗಿಯೇ ಇತ್ತು, ಏಕೆಂದರೆ ಆ ಬಿಂಬ ಅಲುಗದೆ ಜೊತೆಯಲ್ಲೇ ಇರುತ್ತಿತ್ತು. ಇಲ್ಲಿಯದು ಚಲನೆ ಇದ್ದಾಗ ಮಾತ್ರ, ಅದೂ ಬೆನ್ನ ಹಿಂದೆ ಮಾತ್ರ. ಚಲನೆ ನಿಂತರೆ ಅದೂ ಇಲ್ಲ. ‘ಉಳಿಬಿಂಬ’ ಕೂಡ ಆಗದು. ಒಎಲ್‌ಇಡಿ ಪರದೆಗಳಲ್ಲಿ ಒಂದೇ ಚಿತ್ರ ಬಹುಕಾಲ ನಿಂತು ಅಚ್ಚೊತ್ತುತ್ತದಲ್ಲ, ಆ ಪದವನ್ನು ಅದಕ್ಕೆ ಮೀಸಲಿಡಬೇಕು. ‘ಬಾಲಬಿಂಬ’ ಎಂದರೆ ಬಾಲಚುಕ್ಕಿಯ ನೆನಪಿನಿಂದ ಒಪ್ಪಬಹುದಿತ್ತು, ಆದರೆ ಬಾಲನಟನನ್ನು ಬಲ್ಲವರಿಗೆ ಅದು ಎಳೆಯ ಬಿಂಬವಾಗಿಬಿಡುತ್ತದೆ.

ಹಾಗಾಗಿ ನಾನು ‘ಜಾಡು’ ಎಂಬಲ್ಲಿಗೆ ಬಂದಿದ್ದೇನೆ. ಹಾದುಹೋದದ್ದು ತನ್ನ ಹಿಂದೆ ಬಿಟ್ಟುಹೋಗುವ ಗುರುತು. ಚಲನೆ, ಹಿಂದಿರುವಿಕೆ, ಕಳೆದ ಹೊತ್ತು, ಮೂರೂ ಆ ಎರಡಕ್ಷರದಲ್ಲಿವೆ. ಅದರಿಂದ ಬೇರೆ ಪದಗಳನ್ನೂ ಕಟ್ಟಬಹುದು. ಪಿಕ್ಸೆಲ್ ಬೇಗ ಹೊರಳಲೆಂದು ಓವರ್‌ಡ್ರೈವ್‌ನಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಒತ್ತಡ ಕೊಟ್ಟಾಗ ಅದು ಗುರಿಯನ್ನು ದಾಟಿ ಹಿಂದಿರುಗುತ್ತದೆ, ಆಗ ವಸ್ತುವಿನ ಹಿಂದೆ ಹೊಳೆಯುವ ಅಂಚು ಕಾಣುತ್ತದೆ. ಇಂಗ್ಲಿಷಿನ ‘ಇನ್ವರ್ಸ್ ಘೋಸ್ಟಿಂಗ್’ ಅನ್ನು ಅನುಸರಿಸಿ ಇದನ್ನು ‘ವಿಲೋಮ ಜಾಡು’ ಎಂದರೆ ವಸ್ತುವಿನ ಮುಂದುಗಡೆ ಬೀಳುವ ಜಾಡು ಎಂದು ತಿಳಿದಾರು. ‘ತೂಗುಸೇತುವೆ’ ಎಂಬ ಪದದ ಮಾದರಿಯಲ್ಲಿ ‘ಮೀರುಜಾಡು’ ಎಂದರೆ ಹೇಗೆ?

ಜಾಡನ್ನೂ ಮಸುಕನ್ನೂ ಬೆರೆಸಬಾರದೆಂಬ ಬಗ್ಗೆ ಮಾತ್ರ ನನಗೆ ಹಟವಿದೆ. ಪಿಕ್ಸೆಲ್ ಕ್ಷಣದಲ್ಲೇ ಹೊರಳಿದರೂ 60 ಹರ್ಟ್ಸ್‌ನಲ್ಲಿ ಸೆಕೆಂಡಿಗೆ 960 ಪಿಕ್ಸೆಲ್ ಓಡುವ ವಸ್ತು 16 ಪಿಕ್ಸೆಲ್‌ನಷ್ಟು ಮಸುಕಾಗಿಯೇ ಕಾಣುತ್ತದೆ. ಕಣ್ಣು ವಸ್ತುವಿನ ಜೊತೆ ಜಾರುತ್ತಿದೆ, ಒಂದೊಂದು ಚಿತ್ರವೂ ನಿಂತಲ್ಲೇ ನಿಂತಿದೆ, ಅದಕ್ಕೆ. 240 ಹರ್ಟ್ಸ್‌ಗೆ ಹೋದರೆ ಆ ಮಸುಕು 4 ಪಿಕ್ಸೆಲ್‌ಗೆ ಇಳಿಯುತ್ತದೆ. ಜಾಡಿಗೆ ಪಿಕ್ಸೆಲ್ ಬೇಗ ಹೊರಳುವುದು ಮದ್ದು, ಮಸುಕಿಗೆ ಚಿತ್ರ ಕಡಿಮೆ ಹೊತ್ತು ನಿಲ್ಲುವುದು ಮದ್ದು. ಎರಡಕ್ಕೂ ‘ಮಬ್ಬು’ ಎಂದು ಬರೆದರೆ ಓದುಗ ತಪ್ಪು ಮಾನಿಟರಿಗೆ ದುಡ್ಡು ಸುರಿಯುತ್ತಾನೆ.

ರೆಸ್ಪಾನ್ಸ್ ಟೈಮ್‌ಗೆ ‘ಪ್ರತಿಕ್ರಿಯಾ ಸಮಯ’ ಎಂದು ಬರೆಯುವ ರೂಢಿ ಅಪಾಯಕಾರಿ ಎನಿಸುತ್ತದೆ. ಮೌಸ್ ಒತ್ತಿದ ಮೇಲೆ ಪರದೆ ಪ್ರತಿಕ್ರಿಯಿಸಲು ಹಿಡಿಯುವ ಸಮಯ ಎಂದೇ ಯಾರಿಗಾದರೂ ಅರ್ಥವಾಗುತ್ತದೆ. ಅದು ಬೇರೆಯೇ ವಿಳಂಬ. ಇಲ್ಲಿ ಅಳೆಯುವುದು ಒಂದು ಛಾಯೆ ಇನ್ನೊಂದಾಗುವ ಹೊತ್ತನ್ನು. ಅದೂ ವಾಡಿಕೆಯಲ್ಲಿ 10ರಿಂದ 90 ಶೇಕಡಾವರೆಗಿನ ಬದಲಾವಣೆಯನ್ನಷ್ಟೇ. ಪೆಟ್ಟಿಗೆಯ ಮೇಲಿನ 1 ಮಿಲಿಸೆಕೆಂಡ್ ಸಾಮಾನ್ಯವಾಗಿ ಅತ್ಯಂತ ವೇಗದ ಹೊರಳಿನ ಅಂಕಿ, ಎಲ್ಲ ಛಾಯೆಗಳದಲ್ಲ. ಅರ್ಥಪಲ್ಲಟ ನಮಗೆ ಗೊತ್ತು, ಆದ್ದರಿಂದ ‘ಛಾಯಾಪಲ್ಲಟದ ಅವಧಿ’ ಎನ್ನೋಣವೇ? ಅವಧಿಗೆ ಆರಂಭವೂ ಕೊನೆಯೂ ಇದೆ, ಹಾಗಾಗಿ ಸಮಯಕ್ಕಿಂತ ಅದೇ ಒಪ್ಪುತ್ತದೆ. ‘ಗ್ರೇ ಟು ಗ್ರೇ’ (ಬೂದು ಬಣ್ಣದಿಂದ ಬೂದು ಬಣ್ಣಕ್ಕೆ) ಎಂಬುದನ್ನೂ ‘ಛಾಯೆಯಿಂದ ಛಾಯೆಗೆ’ ಎಂದು ಬಿಡಿಸಬಹುದು.

ಉಳಿದಿರುವ ತೊಡಕು ಕ್ರಿಯಾಪದದ್ದು. ‘ಈ ಮಾನಿಟರಿನಲ್ಲಿ ಜಾಡು ಬೀಳುತ್ತದೆ’ ಎಂಬುದು ನಾಲಿಗೆಗೆ ಸಲೀಸು. ಆದರೆ ಇಲ್ಲಿ ಹೊಸದಾಗಿ ಏನೂ ಬೀಳುತ್ತಿಲ್ಲ, ಹಳೆಯದು ಹೋಗದೆ ನಿಂತಿದೆ ಅಷ್ಟೇ. ‘ಜಾಡು ಉಳಿಯುತ್ತದೆ’ ಎಂದರೆ ಸಂಗತಿಗೆ ನಿಷ್ಠೆ ಹೆಚ್ಚು, ಆದರೆ ಅಳಿಸದ ಕಲೆಯಂತೆ ಕೇಳಿಸೀತೆಂಬ ಅಳುಕು. ನಿಮ್ಮ ಕಿವಿಗೆ ಯಾವುದು ಒಗ್ಗುತ್ತದೆ?